ಎರಡು ಬೈಕು, ಒಂದು ಲೆಕ್ಕದ ಪುಸ್ತಕ

ಇಬ್ಬರು ಹೋಗೋಕೆ ಎರಡು ಬೈಕು ಯಾಕೆ ಅಂತ ನನ್ನ ಹೆಂಡತಿ ಕೇಳಿದಳು. ಒಂದೇ ಬೈಕಿನಲ್ಲಿ ಹೋದರೆ ಒಬ್ಬ ಹಿಂದೆ ಕೂರಬೇಕಾಗುತ್ತದೆ. ನಾನು ಕೂರುವುದಿಲ್ಲ, ನನ್ನ ಗೆಳೆಯನೂ ಕೂರುವುದಿಲ್ಲ. ಇಷ್ಟು ವರ್ಷ ನೋಡಿದವಳಿಗೆ ಇದನ್ನೂ ಬಿಡಿಸಿ ಹೇಳಬೇಕಾ?

ನಾನು ಕೊಪ್ಪಳ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು. ಅವನದು ಸಿಂಧನೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ. ಅವನು ನನ್ನನ್ನು ಮಾಸ್ತರ ಅನ್ನುತ್ತಾನೆ, ನಾನು ಅವನನ್ನು ಸಾವ್ಕಾರ ಅನ್ನುತ್ತೇನೆ. ಒಬ್ಬರ ಹೆಸರು ಒಬ್ಬರು ಕರೆದು ಎಷ್ಟು ವರ್ಷವಾಯಿತೋ ನೆನಪಿಲ್ಲ. ಸಿಂಧನೂರು ಕಡೆಯ ಒಂದೇ ಹಳ್ಳಿ, ಒಂದೇ ಓಣಿ, ಒಂದೇ ಬೆಂಚು. ಹೈಸ್ಕೂಲಿನ ಕನ್ನಡ ಮೇಷ್ಟ್ರು ನಮಗೆ ವಾಲಿ ಸುಗ್ರೀವ ಅಂತ ಹೆಸರಿಟ್ಟಿದ್ದರು. ಯಾರು ವಾಲಿ, ಯಾರು ಸುಗ್ರೀವ ಅಂತ ಮಾತ್ರ ಹೇಳಲೇ ಇಲ್ಲ. ಎದುರಿಗೆ ನಿಂತವನ ಅರ್ಧ ಬಲ ವಾಲಿಗೆ ಹೋಗುತ್ತದೆ ಅಂತ ಕೇಳಿದ್ದೆವಲ್ಲ, ಹಾಗಾಗಿ ಇಬ್ಬರಿಗೂ ವಾಲಿಯೇ ಬೇಕು. ಆ ಜಗಳ ಇವತ್ತಿಗೂ ಮುಗಿದಿಲ್ಲ.

ಇದಕ್ಕೊಂದು ಪುಸ್ತಕವೂ ಇದೆ. ಖಾಕಿ ಬೈಂಡು ಹಾಕಿದ ಇನ್ನೂರು ಪುಟದ ನೋಟ್‌ಬುಕ್ಕು. ಈಜು, ಚೌಕಾಬಾರ, ಯಾರ ಮಗಳಿಗೆ ಹೆಚ್ಚು ಮಾರ್ಕ್ಸು, ಯಾರ ಮಾವಿನ ಗಿಡ ಮೊದಲು ಹೂ ಬಿಟ್ಟಿತು, ಎಲ್ಲದರ ಲೆಕ್ಕ ಅದರಲ್ಲಿದೆ. ಸೋತವನು ಮಿರ್ಚಿ ಕೊಡಿಸಬೇಕು. ಪುಸ್ತಕ ಇರುವುದು ಸಾವ್ಕಾರನ ಹತ್ತಿರ, ಬರೆಯುವವನೂ ಅವನೇ. ನಾನು ಕೇಳಿದಾಗ ಕಡೆಯ ಪುಟ ಮಾತ್ರ ತೋರಿಸುತ್ತಾನೆ. ಹೊರಡುವ ದಿನಕ್ಕೆ ಅವನದು 187, ನನ್ನದು 185.

2024ರ ಡಿಸೆಂಬರ್‌ನಲ್ಲಿ ಮೂರು ದಿನ ರಜೆ ಹಾಕಿದೆ. ಅವನು ಅಂಗಡಿಯನ್ನು ತಮ್ಮನಿಗೆ ಬಿಟ್ಟು ಬಂದ. ಹೋಗಬೇಕಾದ ಜಾಗ ಕಿಷ್ಕಿಂಧೆ, ಅಂದರೆ ನಮ್ಮ ಆನೆಗೊಂದಿ. ಅಲ್ಲೇ ಆ ಜಗಳ ಮುಗಿಸಿಬಿಡೋಣ ಅಂತ.

ಮೊದಲ ದಿನ: ಕೊಪ್ಪಳ, ಇಟಗಿ

ಬೆಳಿಗ್ಗೆ ಎಂಟೂವರೆಗೆ ಸಾವ್ಕಾರ ಬಾಗಿಲಲ್ಲಿದ್ದ. ಸಿಂಧನೂರಿನಿಂದ ಗಂಗಾವತಿ ದಾಟಿ ಒಂದೇ ಉಸಿರಿಗೆ ಬಂದೆ, ನಡುವೆ ಚಹಾಕ್ಕೂ ನಿಲ್ಲಲಿಲ್ಲ ಅಂತ ಹೆಮ್ಮೆ. ಬಸ್ ಸ್ಟ್ಯಾಂಡಿನ ಹತ್ತಿರ ಒಗ್ಗಾಣಿ, ಮಿರ್ಚಿ ತಿಂದೆವು. ಇನ್ನೂ ಪಂದ್ಯ ಶುರುವಾಗಿರಲಿಲ್ಲ, ಹಾಗಾಗಿ ಅವರವರ ದುಡ್ಡು ಅವರವರೇ ಕೊಟ್ಟೆವು.

ಗವಿಮಠಕ್ಕೆ ಹೋದೆವು. ಜನವರಿಯ ಜಾತ್ರೆಗೆ ಇನ್ನೂ ದಿನ ಇತ್ತು. ಜಾತ್ರೆಯ ಹೊತ್ತಿಗೆ ಸುತ್ತಲಿನ ಹಳ್ಳಿಗಳಿಂದ ದಾಸೋಹಕ್ಕೆ ಜೋಳದ ರೊಟ್ಟಿ ಲಕ್ಷಗಟ್ಟಲೆ ಬಂದು ಬೀಳುತ್ತವೆ. ಈಗ ಅಂಗಳ ಖಾಲಿ. ದರ್ಶನ ಮುಗಿಸಿ ಅಶೋಕನ ಶಾಸನ ಇರುವ ಬಂಡೆಯ ಕಡೆ ಹತ್ತಿದೆವು. ನನಗೆ ಈ ಜಾಗದ ಮೇಲೆ ಸ್ವಲ್ಪ ಅಭಿಮಾನ ಜಾಸ್ತಿ. 'ಕವಿರಾಜಮಾರ್ಗ'ದಲ್ಲಿ ಕನ್ನಡದ ತಿರುಳು ಇರುವ ನಾಲ್ಕು ಊರು ಹೇಳಿದ್ದಾರಲ್ಲ, ಅದರಲ್ಲಿ ಕೊಪಣ ಅಂದರೆ ನಮ್ಮ ಕೊಪ್ಪಳವೂ ಒಂದು. ಅದನ್ನೂ ಹೇಳಿದೆ. ಕೊಪ್ಪಳದಲ್ಲಿ ಅಶೋಕನ ಶಾಸನ ಒಂದಲ್ಲ, ಎರಡು, ಇಲ್ಲೊಂದು, ಪಾಲ್ಕಿಗುಂಡಿನಲ್ಲೊಂದು ಅಂತ ಅದನ್ನೂ ಹೇಳಿದೆ.

ಸಾವ್ಕಾರ ಕಲ್ಲಿನ ಮೇಲೆ ಕೂತು ಬೂಟಿನೊಳಗಿನ ಹರಳು ಕೊಡವುತ್ತಿದ್ದ. ತಲೆ ಎತ್ತಲಿಲ್ಲ.

"ಎರಡಿದ್ರೇನಲೇ ಮಾಸ್ತರ? ಹೆಸರೈತೇನು ಅದರಾಗ?"

ನನಗೆ ಗೊತ್ತಿತ್ತು ಎಲ್ಲಿಗೆ ಹೋಗುತ್ತಾನೆ ಅಂತ. ಮಸ್ಕಿಗೆ. 1915ರಲ್ಲಿ ಮಸ್ಕಿಯ ಹತ್ತಿರ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ ಕಣ್ಣಿಗೆ ಆ ಶಾಸನ ಬಿತ್ತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ರಾಜ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಕರೆದುಕೊಂಡಿದ್ದ. ಮಸ್ಕಿಯ ಕಲ್ಲಿನಲ್ಲಿ ಅಶೋಕ ಅಂತ ಹೆಸರೇ ಸಿಕ್ಕಿತು. ಪಂಡಿತರ ಅನುಮಾನ ಅಲ್ಲಿಗೆ ಬಗೆಹರಿಯಿತು. ಮಸ್ಕಿ ರಾಯಚೂರು ಜಿಲ್ಲೆಗೆ ಸೇರಿದ್ದು, ಅಂದರೆ ಸಾವ್ಕಾರನ ಜಿಲ್ಲೆ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವ ತನಕ ಇಬ್ಬರದೂ ಒಂದೇ ರಾಯಚೂರು. ಅದು ಒಡೆದದ್ದು ಈ ಪುಸ್ತಕಕ್ಕೆ ಒಳ್ಳೆಯದೇ ಆಯಿತು. ಜಗಳಕ್ಕೆ ಇನ್ನೊಂದು ಬಾಬತ್ತು ಸಿಕ್ಕಿತು.

"ಒಂದು ಹೆಸರಿನ ಮುಂದ ಎರಡು ಅಡ್ರೆಸ್ ಇಲ್ಲದ ಕಾಗದ. ಬರಕೋತೀನಿ," ಅಂದ. 188.

ಪಾಲ್ಕಿಗುಂಡಿಗೂ ಹೋದೆವು. ಪಲ್ಲಕ್ಕಿಯ ಹಾಗೆ ಎತ್ತಿ ಇಟ್ಟ ದೊಡ್ಡ ಗುಂಡು, ಅದರಿಂದಲೇ ಆ ಹೆಸರು. ಅಲ್ಲಿಯ ಅಕ್ಷರ ತುಂಬಾ ಸವೆದಿವೆ. ಸವೆದದ್ದಕ್ಕೂ ಒಂದು ಅಂಕ ಕೇಳಿದ ಮಹಾನುಭಾವ. ಕೊಡಲಿಲ್ಲ.

ಮಧ್ಯಾಹ್ನ ಕುಕನೂರು ಮೇಲೆ ಇಟಗಿ. ಸುತ್ತ ಕಪ್ಪು ಮಣ್ಣಿನ ಹೊಲ, ಜೋಳ ಆಳೆತ್ತರ ನಿಂತಿತ್ತು. ಮಹಾದೇವ ದೇವಾಲಯ 1112ರದ್ದು. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಕಂಬಗಳನ್ನು ಕಡೆದ ನುಣುಪು ನೋಡಬೇಕು, ನಿಂತವರ ಮುಖ ಕಾಣುವಂತಿದೆ. ಅಲ್ಲಿಯ ಶಾಸನ ಈ ಗುಡಿಯನ್ನು 'ದೇವಾಲಯ ಚಕ್ರವರ್ತಿ' ಅಂತ ಕರೆಯುತ್ತದೆ ಅಂದೆ.

"ಅಂದ್ರ ತನ್ನ ಅಂಗಡಿಗೆ ತಾನ ನಂಬರ್ ಒನ್ ಅಂತ ಬೋರ್ಡ್ ಹಾಕ್ಕೊಂಡಂಗ," ಅಂದ ಸಾವ್ಕಾರ. ಆದರೂ ಗರ್ಭಗುಡಿಯ ಬಾಗಿಲವಾಡದ ಮುಂದೆ ಹತ್ತು ನಿಮಿಷ ನಿಂತ. ಆಮೇಲೆ ಮೆತ್ತಗೆ, "ಸುಳ್ಳು ಬೋರ್ಡ್ ಅಲ್ಲ ಬಿಡು," ಅಂದ. ಅವನು ಒಪ್ಪಿಕೊಳ್ಳುವ ರೀತಿ ಇದು. ಬೇಗ ಬರೆದುಕೋ ಅಂದೆ. 186.

ರಾತ್ರಿ ನಮ್ಮ ಮನೆಯಲ್ಲೇ ಊಟ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. "ಅಣ್ಣಾರ, ಇನ್ನೊಂದು ಹಾಕ್ಲಾ?" ಅಂತ ನನ್ನ ಹೆಂಡತಿ ಅವನನ್ನೇ ಕೇಳುತ್ತಾಳೆ, ನನ್ನನ್ನು ಕೇಳುವುದಿಲ್ಲ. ಅವನು ಎಂಟು ರೊಟ್ಟಿ ತಿಂದ. 189.

ಎರಡನೇ ದಿನ: ಸಾಣಾಪುರ, ಅಂಜನಾದ್ರಿ, ಆನೆಗೊಂದಿ

ಗಿಣಿಗೇರಿ, ಹುಲಿಗಿ ದಾಟಿ ಸಾಣಾಪುರದ ದಾರಿ ಹಿಡಿದೆವು. ತುಂಗಭದ್ರಾ ಅಣೆಕಟ್ಟಿನ ಕಡೆ ಮಂಜು ಕವಿದಿತ್ತು. ಅದೇ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋಗಿತ್ತಲ್ಲ, ಆವತ್ತು ರಾತ್ರಿ ಸಾವ್ಕಾರ ಐದು ಸಲ ಫೋನ್ ಮಾಡಿದ್ದ. ನಾನು ಅಣೆಕಟ್ಟಿನ ಕಾವಲುಗಾರನೋ ಎಂಬಂತೆ, "ಎಷ್ಟು ನೀರು ಹೋತಲೇ, ಎಷ್ಟು ಉಳಿತು?" ಸಿಂಧನೂರಿನಲ್ಲಿ ಎಡದಂಡೆ ಕಾಲುವೆಗೆ ನೀರು ಬಂದರೆ ಭತ್ತ, ಭತ್ತ ಬಂದರೆ ಗೊಬ್ಬರದ ಉದ್ರಿ ವಾಪಸ್ಸು. ಕೆಲವೇ ದಿನದಲ್ಲಿ ಸ್ಟಾಪ್ ಲಾಗ್ ಎಂಬ ಉಕ್ಕಿನ ತಡೆಗಳನ್ನು ಇಳಿಸಿ ನೀರು ನಿಲ್ಲಿಸಿದಾಗ ಅವನು ಮಾಡಿದ ಆರನೇ ಫೋನಿನಲ್ಲಿ ಮಾತೇ ಇರಲಿಲ್ಲ. ಸುಮ್ನೆ ಉಸಿರಾಡಿ ಇಟ್ಟ.

ಸಾಣಾಪುರದ ಕೆರೆಯಲ್ಲಿ ಹರಿಗೋಲು ಹತ್ತಿದೆವು. ಇಬ್ಬರಿಗೂ ಒಂದೇ ಹರಿಗೋಲು. ಹತ್ತುವಾಗಲೇ ಯಾರು ಮುಂದೆ ಕೂರುವುದು ಅಂತ ಶುರುವಾಯಿತು. ಹುಟ್ಟು ಹಾಕುವ ಅಜ್ಜ ಸ್ವಲ್ಪ ಹೊತ್ತು ನೋಡಿದ.

"ಇದಕ್ಕ ಮುಂದೂ ಇಲ್ಲ, ಹಿಂದೂ ಇಲ್ಲ. ಸುಮ್ಕ ಕುಂದರ್ರಿ," ಅಂದ. ಮೇಲೆ ನಡುನೀರಿನಲ್ಲಿ ಹರಿಗೋಲನ್ನು ಗರಗರ ತಿರುಗಿಸಿಬಿಟ್ಟ. ಬಿದಿರು ಹೆಣೆದ ದುಂಡು ಬುಟ್ಟಿ, ತಿರುಗಿದರೆ ಯಾವ ದಿಕ್ಕು ಯಾವುದು ಗೊತ್ತಾಗುವುದಿಲ್ಲ. ಇಬ್ಬರೂ ಅದರ ಅಂಚು ಹಿಡಿದು, ಆಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಕೂತೆವು. ಅಜ್ಜನಿಗೆ ಒಂದು ಅಂಕ ಕೊಡಬೇಕಿತ್ತು.

ಅಂಜನಾದ್ರಿ ಬೆಟ್ಟದ ಬುಡದಲ್ಲಿ ಪಂದ್ಯ ಕಟ್ಟಿದೆವು. ಯಾರು ಮೊದಲು ಹತ್ತುತ್ತಾರೆ ಅಂತ ಅಲ್ಲ. ಐವತ್ತರ ಹತ್ತಿರ ಬಂದಿದ್ದೇವೆ, ಅಷ್ಟಾದರೂ ಬುದ್ಧಿ ಇದೆ. ಮೆಟ್ಟಿಲು ಎಣಿಸುವುದು. ಇಲ್ಲಿ 575 ಮೆಟ್ಟಿಲು ಅಂತ ಎಲ್ಲರೂ ಹೇಳುತ್ತಾರೆ. ನಾವೇ ಎಣಿಸಿ ನೋಡಬೇಕು, ಮಾತಾಡಬಾರದು.

ಹನುಮ ಮಾಲೆ ಹಾಕಿದವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಚಪ್ಪಲಿ ಕೈಯಲ್ಲಿ ಹಿಡಿದ ಅಜ್ಜಿಯರು, ಎಲ್ಲರ ನಡುವೆ ತುಟಿ ಅಲುಗಿಸುತ್ತಾ ಇಬ್ಬರು ಹತ್ತುತ್ತಿದ್ದೆವು. ನೋಡಿದವರು ನಾವೇನೋ ಜಪ ಮಾಡುತ್ತಿದ್ದೇವೆ ಅಂದುಕೊಂಡಿರಬೇಕು. ಒಂದು ಕೋತಿ ಸಾವ್ಕಾರನ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡಿತು. ಅವನು ಬಾಯಿ ಬಿಡಲಿಲ್ಲ. ಬೈಯದೆ ಹೋದದ್ದು ಅದೇ ಮೊದಲು.

ಮೇಲೆ ನನ್ನದು 569. ಅವನದು 581.

ಕೋತಿ ಬಂದಾಗ ನೀನು ಒಂದನ್ನೇ ಎರಡು ಸಲ ಎಣಿಸಿದ್ದೀಯ ಅಂದೆ. ನೀನು ಮಗ್ಗಿ ಹೇಳಿಕೊಡೋ ಮಾಸ್ತರ, ನಿನ್ನ ಶಾಲೆಯ ಹುಡುಗರ ಗತಿ ಏನು ಅಂದ. ಸುಮ್ನೆ ಇದ್ದೆ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಎಷ್ಟಾಗುತ್ತದೆ ಅಂತ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅವನಿಗೆ ಹೇಳಲಿಲ್ಲ.

ಆ ಬಿಳಿ ಗುಡಿಯ ಹಿಂದಿನ ಬಂಡೆಯ ಮೇಲೆ ಕೂತರೆ ಕೆಳಗೆ ತುಂಗಭದ್ರೆ, ಬಂಡೆಗಳ ನಡುವೆ ಸುತ್ತಿ ಸುತ್ತಿ ಹೋಗುತ್ತದೆ. ಈ ದಡದಲ್ಲಿ ಬಾಳೆ, ತೆಂಗು, ಭತ್ತದ ಗದ್ದೆ. ಆ ದಡದಲ್ಲಿ ಹಂಪಿ, ವಿರೂಪಾಕ್ಷನ ಗೋಪುರ, ಮತಂಗ ಬೆಟ್ಟ. ಮತಂಗ ಮುನಿಯ ಶಾಪ ಇದ್ದದ್ದರಿಂದ ವಾಲಿ ಅಲ್ಲಿ ಕಾಲಿಡುವಂತಿರಲಿಲ್ಲ. ಅದಕ್ಕೇ ಸುಗ್ರೀವ ಅಲ್ಲಿ ಅಡಗಿದ್ದ. ಅಣ್ಣ ತಮ್ಮ ಎಷ್ಟು ಒಂದೇ ಥರ ಇದ್ದರು ಅಂದರೆ ಮೊದಲ ಕಾಳಗದಲ್ಲಿ ರಾಮನಿಗೆ ಯಾರು ಯಾರು ಅಂತ ತಿಳಿಯಲಿಲ್ಲ. ಬಾಣ ಬಿಡಲಿಲ್ಲ. ಸುಗ್ರೀವ ಹೊಡೆತ ತಿಂದು ಓಡಿ ಬಂದ. ಎರಡನೇ ಸಲ ಅವನ ಕೊರಳಿಗೆ ಗಜಪುಷ್ಪಿಯ ಹಾರ ಹಾಕಿ ಕಳಿಸಿದರು.

"ಇವತ್ತು ತೀರ್ಮಾನ ಆಗಲಿ. ವಾಲಿ ನಾನು," ಅಂದೆ.

"ಆಗು," ಅಂದ.

ಇಷ್ಟು ವರ್ಷದಲ್ಲಿ ಅವನು ಬಿಟ್ಟುಕೊಟ್ಟದ್ದು ಇದೇ ಮೊದಲು. ನನಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ಯಾಕೆ ಅಂತ ಕೇಳಿದೆ.

"ಮಾಯಾವಿ ರಾಕ್ಷಸನ ಹಿಂದ ವಾಲಿ ಗವಿಯೊಳಗ ಹೋದ. ಸುಗ್ರೀವ ಒಂದು ವರ್ಷ ಬಾಗಿಲಾಗ ನಿಂತ. ರಕ್ತ ಹರಕೊಂಡು ಬಂತು. ಅಣ್ಣ ಸತ್ತ ಅಂತ ತಿಳಕೊಂಡು ಕಲ್ಲು ಮುಚ್ಚಿ ಅತಗೋತ ಹೋದ. ತಪ್ಪೇನೈತಿ ಹೇಳು?"

"ಕಲ್ಲು ಮುಚ್ಚಿದ್ದು ತಪ್ಪಲ್ವಾ?"

"ಒಳಗ ಹೋದವನ ಕತಿ ಎಲ್ಲಾರೂ ಹೇಳ್ತಾರಲೇ. ಬಾಗಿಲಾಗ ನಿಂತವನ ಕಾಲು ಎಷ್ಟು ನೋಯ್ತು ಅಂತ ಯಾರು ಕೇಳ್ತಾರ?"

ಅಷ್ಟು ಹೇಳಿ ಎದ್ದು ಪ್ರಸಾದಕ್ಕೆ ಹೋದ. ಪುಸ್ತಕ ತೆಗೆಯಲೇ ಇಲ್ಲ.

ಪಂಪಾ ಸರೋವರ, ರಂಗನಾಥನ ಗುಡಿ, ಗಗನ ಮಹಲ್, ಎಲ್ಲ ನೋಡಿದೆವು. ನೋಡಿದೆವು ಅಷ್ಟೇ. ರಾತ್ರಿ ಆನೆಗೊಂದಿಯ ಒಂದು ಮನೆಯಲ್ಲಿ ತಂಗಿದ್ದೆವು. ಅವನು ಮಲಗಿದ ಕೂಡಲೇ ಗೊರಕೆ. ನನಗೆ ನಿದ್ದೆ ಹತ್ತಲಿಲ್ಲ.

ನಾವಿಬ್ಬರೂ ಯಾವತ್ತೂ ಮಾತಾಡದ ಒಂದು ವಿಷಯ ಇದೆ. 1994, ಪಿಯುಸಿ ಮುಗಿದ ಬೇಸಿಗೆ. ನಾನು ಸೋದರತ್ತೆಯ ಊರಿನಲ್ಲಿದ್ದೆ. ಟಿಸಿಎಚ್‌ಗೆ ಅಂದರೆ ಮೇಷ್ಟ್ರ ತರಬೇತಿಗೆ ಅರ್ಜಿ ಕರೆದದ್ದೇ ಗೊತ್ತಿರಲಿಲ್ಲ. ಸಾವ್ಕಾರ ಉರಿಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಬಂದ. "ನಾಳೆ ಕಡೀ ದಿನ, ಏಳಲೇ," ಅಂತ ಎಬ್ಬಿಸಿ ಅದೇ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋದ. ಆಯ್ಕೆ ಪಟ್ಟಿ ಬಂದಾಗ ನಮ್ಮ ವರ್ಗದಲ್ಲಿ ಕೊನೆಯ ಹೆಸರು ನನ್ನದು. ಕಾಯುವ ಪಟ್ಟಿಯ ಮೊದಲ ಹೆಸರು ಅವನದು. ಎರಡೇ ಎರಡು ಮಾರ್ಕ್ಸು. ಕಾಯುವ ಪಟ್ಟಿ ಕೊನೆಗೂ ಮುಂದೆ ಸರಿಯಲಿಲ್ಲ.

ನಾನು ಕುರ್ಚಿಯಲ್ಲಿ ಕೂತು ಹಾಜರಿ ಕರೆದ ಎಷ್ಟೋ ಬೆಳಿಗ್ಗೆ ಆ ಸೈಕಲ್ ನೆನಪಾಗಿದೆ. ಅವನಿಗೂ ಗೊತ್ತು. ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಆವತ್ತು ಸೈಕಲ್ಲಿನಲ್ಲಿ ಹಿಂದೆ ಕೂತಿದ್ದವನು ನಾನು.

ಮೂರನೇ ದಿನ: ಹಿರೇಬೆಣಕಲ್

ಗಂಗಾವತಿ ದಾಟಿದರೆ ಹಿರೇಬೆಣಕಲ್ ದೂರ ಇಲ್ಲ. ಊರಿನಲ್ಲಿ ಬೈಕು ನಿಲ್ಲಿಸಿ, ದಾರಿ ತೋರಿಸಲು ಒಬ್ಬ ಹುಡುಗನನ್ನು ಕರೆದುಕೊಂಡೆವು. ಕರಡಿ, ಚಿರತೆ ಓಡಾಡುವ ಗುಡ್ಡ, ಗೊತ್ತಿಲ್ಲದವರು ಒಬ್ಬರೇ ಹೋಗುವ ಜಾಗವಲ್ಲ. ನೀರು ಜಾಸ್ತಿ ಇಟ್ಟುಕೊಳ್ಳಿ. ಮೇಲೆ ಅಂಗಡಿ ಗಿಂಗಡಿ ಏನೂ ಇಲ್ಲ.

ದಾರಿಯಲ್ಲಿ ಬಂಡೆಯ ಮರೆಯಲ್ಲಿ ಕೆಂಪು ಬಣ್ಣದ ಚಿತ್ರಗಳು ಸಿಗುತ್ತವೆ. ಕುದುರೆ, ಜಿಂಕೆ, ಕೈ ಕೈ ಹಿಡಿದು ಕುಣಿಯುವ ಜನ. ಆಮೇಲೆ ಏದುಸಿರು ಬಿಡುತ್ತಾ ಮೇಲಿನ ಬಯಲಿಗೆ ಬಂದರೆ ಇದ್ದಕ್ಕಿದ್ದ ಹಾಗೆ ಒಂದು ಊರೇ ಎದುರಿಗೆ. ಕಲ್ಲಿನ ಮನೆಗಳ ಊರು. ನಾಲ್ಕು ಕಡೆ ನಿಲ್ಲಿಸಿದ ಚಪ್ಪಡಿ, ಮೇಲೊಂದು ಚಪ್ಪಡಿ, ಕೆಲವಕ್ಕೆ ಮುಂದಿನ ಚಪ್ಪಡಿಯಲ್ಲಿ ದುಂಡಗೆ ಕೊರೆದ ಕಿಂಡಿ. ದೊಡ್ಡವು ಆಳಿಗಿಂತ ಎತ್ತರ. ಸಣ್ಣವು ಸೊಂಟದ ತನಕ. ಒಟ್ಟು ಸುಮಾರು 400. ಇವು ಮನೆಯಲ್ಲ, ಸತ್ತವರಿಗಾಗಿ ಕಟ್ಟಿದ್ದು. ಎರಡು ಸಾವಿರ ವರ್ಷಕ್ಕೂ ಹಿಂದಿನ ಕಬ್ಬಿಣ ಯುಗದ ಜನರ ಕೆಲಸ. ಚಪ್ಪಡಿ ಎಬ್ಬಿಸಿದ ಜಾಗದಲ್ಲೇ ಒಂದು ಕೆರೆ ಇದೆ. 2021ರಲ್ಲಿ ಈ ಜಾಗ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ಊರವರಿಗೆ ಇದು ಮೋರ್ಯರ ಗುಡ್ಡ. ಮೋರ್ಯರು ಅಂದರೆ ಕುಳ್ಳ ಜನ, ಅವರ ಮನೆ ಇವು ಅಂತ ಹುಡುಗ ಹೇಳಿದ. ಅಷ್ಟು ಕುಳ್ಳರು ಇಷ್ಟು ದೊಡ್ಡ ಕಲ್ಲು ಹೇಗೆ ಎತ್ತಿದರು ಅಂತ ಕೇಳಿದೆ. "ಎಲ್ಲಾರೂ ಕೂಡಿ ಎತ್ತಿದ್ರು ಸರ್," ಅಂದ. ಪ್ರಶ್ನೆ ಕೇಳಿದ ಮೇಷ್ಟ್ರಿಗೇ ನಾಚಿಕೆ ಆಗುವಂಥ ಉತ್ತರ.

ಎತ್ತರದ ಬಂಡೆಯೊಂದರ ಮೇಲೆ ಕಲ್ಲಿನ ನಗಾರಿ ಇದೆ. ಅರ್ಧ ಗೋಳದ ಹಾಗೆ ಕಡೆದ ದೊಡ್ಡ ಗುಂಡು. ಬಡಿದರೆ ಒಂದು ಕಿಲೋಮೀಟರ್ ದೂರಕ್ಕೆ ಕೇಳುತ್ತದಂತೆ. ಅಲ್ಲಿಗೆ ಯಾರು ಮೊದಲು ಅಂತ ನಾನು ಹೇಳಲಿಲ್ಲ, ದೇವರಾಣೆ. ಸಾವ್ಕಾರನೇ ಓಡಿದ. ನಾನೂ ಓಡಿದೆ. ಒಣಗಿದ ಹುಲ್ಲಿನ ಮೇಲೆ ಅವನ ಬೂಟು ಜಾರಿತು. ಎಡಗಾಲು ಎರಡು ಕಲ್ಲಿನ ನಡುವೆ ಸಿಕ್ಕಿಕೊಂಡಿತು.

ಬೂಟು ಬಿಚ್ಚುವಷ್ಟರಲ್ಲಿ ಕಣಕಾಲು ಊದಿತ್ತು. ಒಂದು ಕಲ್ಲಿನ ಮನೆಯ ನೆರಳಿಗೆ ಎಳೆದು ಕೂರಿಸಿದೆವು.

"ಬ್ಯಾಗಿನಾಗ ಮುಲಾಮು ಐತಿ, ತಗಿ," ಅಂದ.

ಮುಲಾಮು ಸಿಗುವ ಮೊದಲು ಪುಸ್ತಕ ಸಿಕ್ಕಿತು. ತೆಗೆದು ಪಕ್ಕಕ್ಕಿಡಬೇಕಿತ್ತು. ಗಾಳಿಗೆ ಬೈಂಡು ಹಾರಿ ಮೊದಲ ಪುಟ ತೆರೆಯಿತು ಅಂತ ಬರೆಯಬಹುದು, ಸುಳ್ಳಾಗುತ್ತದೆ. ನಾನೇ ತೆರೆದೆ.

ನೀಲಿ ಶಾಯಿ, ಹದಿನೆಂಟು ವರ್ಷದ ಹುಡುಗನ ದುಂಡು ಅಕ್ಷರ. ಮೇಲೆ ಗೆರೆ ಹೊಡೆದು ನಾಲ್ಕು ಮನೆ ಮಾಡಿದ್ದ. ನಂಬರು, ಪಂದ್ಯ, ಗೆದ್ದವರು, ಮಿರ್ಚಿ.

1. ಟಿಸಿಎಚ್ ಸೀಟು. ಗೆದ್ದವರು: ಅವನು. ಮಿರ್ಚಿ: ನಾನು ಕೊಡಿಸಿದೆ. 4 ಪ್ಲೇಟ್.

ಆ ಮಿರ್ಚಿ ನನಗೆ ನೆನಪಿತ್ತು. ಪಟ್ಟಿ ನೋಡಿಕೊಂಡು ಹೊರಗೆ ಬಂದ ಮೇಲೆ ಅವನೇ ಎಳೆದುಕೊಂಡು ಹೋಗಿದ್ದ. ನನ್ನ ಖುಷಿಗೆ ಕೊಡಿಸುತ್ತಿದ್ದಾನೆ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಪಂದ್ಯ ಅಂತ ಒಂದು ಶುರುವಾಗಿದೆ, ಅದರಲ್ಲಿ ಅವನು ಸೋತಿದ್ದಾನೆ ಅಂತ ನನಗೆ ತಿಳಿದೇ ಇರಲಿಲ್ಲ.

ಎಷ್ಟು ಹೊತ್ತು ಹಿಡಿದು ಕೂತಿದ್ದೆನೋ. "ಮುಲಾಮು ಓದಾಕತ್ತಿಯೇನಲೇ?" ಅಂದ ಸಾವ್ಕಾರ. ಆಮೇಲೆ ಕೈಯಲ್ಲಿದ್ದದ್ದನ್ನು ನೋಡಿದ.

ಹುಡುಗ ದೂರದಲ್ಲಿ ನಗಾರಿ ಬಂಡೆಯ ಕಡೆ ಹೋಗುತ್ತಿದ್ದ. ಸಾವ್ಕಾರ ಅವನನ್ನೇ ನೋಡುತ್ತಾ ಹೇಳಿದ.

"ಆವತ್ತು ರಾತ್ರಿ ಅಪ್ಪ ಬೈದ. ನೀನ ಹೋಗಿ ಹೇಳಿ ಬಂದೆಲ್ಲೋ ಮೂರ್ಖಾ ಅಂತ. ನನಗೂ ಸಿಟ್ಟು ಬಂತು, ಸುಳ್ಳು ಯಾಕ ಹೇಳ್ಲಿ. ಎರಡು ದಿನ ನಿನ್ನ ಮಾರಿ ನೋಡಬಾರದು ಅನ್ನಿಸ್ತು. ಬಾಕಿ ಅಂತ ಇಟ್ಟುಕೊಂಡ್ರ ಬಡ್ಡಿ ಬೆಳೀತೈತಿ. ಪಂದ್ಯ ಅಂತ ಬರದು ಮುಗಿಸಿಬಿಟ್ಟೆ."

ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಮುಲಾಮಿನ ಮುಚ್ಚಳ ತೆಗೆದೆ. ಅವನ ಕಾಲು ತೊಡೆಯ ಮೇಲಿಟ್ಟುಕೊಂಡು ಹಚ್ಚಿದೆ.

"ಒತ್ತಬ್ಯಾಡಲೇ, ಸಾಯ್ತೀನಿ!"

ಅಷ್ಟರಲ್ಲಿ ಹುಡುಗ ಮೇಲೆ ಹತ್ತಿ ನಗಾರಿಯ ಮೇಲೆ ಕಲ್ಲಿನಿಂದ ಬಡಿದ. ಧಣ್ ಅಂತ ಒಂದು ಸದ್ದು ಆ ಮನೆಗಳ ಮೇಲೆ ಹಾದು ಹೋಯಿತು. ಹಾಗೆಲ್ಲ ಬಡಿಯಬಾರದು, ಹಳೆಯ ಕಲ್ಲು ಅಂತ ನಾನು ಕೂಗಿದೆ. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ.

ಇಳಿಯುವುದಕ್ಕೆ ಎರಡೂವರೆ ತಾಸು ಹಿಡಿಯಿತು. ಅವನ ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಹುಡುಗನ ಹೆಗಲ ಮೇಲೆ. ಅವನ ಬೈಕನ್ನು ಊರಿನಲ್ಲಿ ಹುಡುಗನ ಮನೆಯ ಮುಂದೆ ಬಿಟ್ಟೆವು. ಸಾವ್ಕಾರ ನನ್ನ ಬೈಕಿನ ಹಿಂದಿನ ಸೀಟು ನೋಡಿದ, ನನ್ನನ್ನು ನೋಡಿದ, ಆಮೇಲೆ ಹತ್ತಿ ಕೂತ.

"ಇದನ್ನ ಬರಿಯೂದಿಲ್ಲ," ಅಂದ.

ಗಂಗಾವತಿಯಲ್ಲಿ ಡಾಕ್ಟರು ನೋಡಿ ಮೂಳೆ ಮುರಿದಿಲ್ಲ, ಉಳುಕಿದೆ ಅಷ್ಟೇ ಅಂದರು. ಪಟ್ಟಿ ಸುತ್ತಿದರು. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಕೂತೆವು. ನಾನು ನಾಲ್ಕು ಪ್ಲೇಟ್ ಮಿರ್ಚಿ ಹೇಳಿದೆ. ಇಬ್ಬರಿಗೆ ನಾಲ್ಕು ಯಾಕೆ ಅಂತ ಹೋಟೆಲಿನವ ಕೇಳಿದ. ಸಾವ್ಕಾರ ಕೇಳಲಿಲ್ಲ. ಎರಡು ಪ್ಲೇಟ್ ಸದ್ದಿಲ್ಲದೆ ಖಾಲಿ ಮಾಡಿದ. ನಾನು ದುಡ್ಡು ತೆಗೆಯುವಾಗ ನನ್ನ ಮಣಿಕಟ್ಟು ಹಿಡಿದ.

"ಬಿದ್ದವನು ನಾನು. ಸೋತವನು ನಾನು. ದುಡ್ಡು ನಂದು."

"ಇದು ಇವತ್ತಿಂದಲ್ಲ," ಅಂದೆ.

"ಚುಕ್ತಾ ಆದ ಲೆಕ್ಕಕ್ಕ ಮತ್ತ ಪಾವತಿ ಬರಿಯಾಕ ಬರೂದಿಲ್ಲಲೇ ಮಾಸ್ತರ. ಅಂಗಡಿ ಇಟ್ಟವನನ್ನ ಕೇಳು."

ಕೊನೆಗೆ ಇಬ್ಬರೂ ಎರಡೆರಡು ಪ್ಲೇಟಿನ ದುಡ್ಡು ಕೊಟ್ಟೆವು. ಸಿಂಧನೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿದೆ. ಅವನ ಹೆಂಡತಿಗೆ ಫೋನ್ ಮಾಡಿ ಸ್ಟ್ಯಾಂಡಿಗೆ ಯಾರನ್ನಾದರೂ ಕಳಿಸಮ್ಮ ಅಂದೆ. "ಅಣ್ಣಾರ, ಈ ಸಲ ಯಾರು ಗೆದ್ರಿ?" ಅಂತ ಆಕೆ ಕೇಳಿದಳು.

ಬಸ್ಸು ಹೊರಟಿತು. ಸಾವ್ಕಾರ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಬರೂ ಐತ್ವಾರ ಬೈಕು ಒಯ್ಯಾಕ ಬರ್ತೀನಿ. ಅಂಜನಾದ್ರಿ ಮತ್ತ ಎಣಿಸೂಣು. 581!"

"569!" ಅಂತ ಕೂಗಿದೆ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು.